ತೂಬಾಳಿಗೆ ಬರೆದ ಅರ್ಜಿ

ನನ್ನ ಹೆಂಡತಿ ತೂಬಾ, ಕಾಯೆನ್ ಊರಿನಲ್ಲಿರುವ ತನ್ನ ಅಕ್ಕನ ಮನೆಗೆ ಹೋಗಿ ನಲವತ್ತು ದಿನ ದಾಟಿತ್ತು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಹೋಗುವಾಗ ಹೊಸಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಊರೋರ ಸಂಕಟಕ್ಕೆಲ್ಲ ನಿಮ್ಹತ್ರ ಮಾತಿದೆ. ನಂಗೆ ಮಾತ್ರ 'ಚಹಾ ಕೊಡು' ಅನ್ನೋದು ಬಿಟ್ರೆ ಇನ್ನೇನೂ ಇಲ್ಲ."

ನಿಜವೇ. ಬಿರ್ಜಂದ್ ಕೋರ್ಟಿನ ಗೋಡೆಯ ಪಕ್ಕ ಮೇಜು ಹಾಕಿಕೊಂಡು ಇಪ್ಪತ್ತೆಂಟು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಕಲಿತದ್ದು ಕಡಿಮೆ; ಹಳೆಯ ಅರ್ಜಿಗಳನ್ನು ನಕಲು ಮಾಡುತ್ತ ಮಾಡುತ್ತ ಕೈ ಕುದುರಿತು. ನಮ್ಮ ಪಾರಸಿ ಭಾಷೆಯಲ್ಲಿ ಬಾಯಿಯದು ಒಂದು ದಾರಿ, ಕಾಗದದ್ದು ಇನ್ನೊಂದು. ಕಾಗದದಲ್ಲಿ 'ನಾನು' ಅನ್ನುವವನೇ ಇರುವುದಿಲ್ಲ. 'ಈ ಅಲ್ಪ ಸೇವಕ' ಇರುತ್ತಾನೆ. ಅವನು ಹೇಳುವುದಿಲ್ಲ, ಅರಿಕೆ ಮಾಡಿಕೊಳ್ಳುತ್ತಾನೆ. ಸಾಹೇಬರು ಬರುವುದಿಲ್ಲ, ದಯಮಾಡಿಸುತ್ತಾರೆ.

ಗಿರಾಕಿಗಳಿಲ್ಲದ ಒಂದು ಬೆಳಿಗ್ಗೆ ತೂಬಾಳಿಗೂ ಬರೆದೆ. ಪುಟ ತುಂಬಿತು. ಪಕ್ಕದ ಮೇಜಿನಲ್ಲಿ ಟೈಪ್ ಮಾಡುವ ಇಫ್ಫತ್ ಖಾನಂ ಕತ್ತು ಚಾಚಿ ಓದಿಯೇಬಿಟ್ಟರು.

"ಇದೇನು ಕೆರಾಮತ್ ಆಗಾ, ಹೆಂಡ್ತಿಗೋ, ಗವರ್ನರಿಗೋ?"

"ಮರ್ಯಾದೆ ಕೊಟ್ರೆ ತಪ್ಪಾ ಖಾನಂ?"

"ಹಂಗಾದ್ರೆ ಮೊಹರೂ ಒತ್ಬಿಡಿ, ಮರ್ಯಾದೆ ಪೂರ್ತಿಯಾಗ್ಲಿ!"

ಅವರು ನಗುತ್ತಿದ್ದ ಹಾಗೆಯೇ ಹೋಗಿ ಅಂಚೆಗೆ ಹಾಕಿ ಬಂದೆ.

ಹತ್ತನೆಯ ದಿನ ನನ್ನ ಕಾಗದವೇ ವಾಪಸು ಬಂತು. ಅಧಿಕಾರಿಗಳು ಆದೇಶ ಗೀಚುವ ಅಂಚಿನಲ್ಲಿ, ಅವರ ಹಾಗೆಯೇ ಓರೆಯಾಗಿ, ತೂಬಾಳ ಕೈಬರಹ: 'ಪರಿಶೀಲಿಸಲಾಯಿತು. ಅರ್ಜಿದಾರರ ಕೋರಿಕೆ ಏನೆಂದು ತಿಳಿಯುವುದಿಲ್ಲ. ಹಿಂದಿರುಗಿಸಲಾಗಿದೆ.' ಇಂಥ ಷರಾ ಬಿದ್ದು ವಾಪಸಾದ ಎಷ್ಟು ಅರ್ಜಿಗಳನ್ನು ನಾನು ಮನೆಗೆ ಒಯ್ದು ತಿದ್ದಿಲ್ಲ! ಚಹಾ ತಂದಿಡುವಾಗ ಅವಳೂ ಓದುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.

"ಬಂದೋರಿಗೆಲ್ಲ 'ನಿಂಗೇನು ಬೇಕು, ಅದನ್ನ ಮೊದ್ಲು ಹೇಳು' ಅಂತ ಗದರಿಸ್ತೀರಿ," ಎಂದರು ಇಫ್ಫತ್ ಖಾನಂ. ಈ ಸಲ ಅವರು ನಗಲಿಲ್ಲ.

ಮತ್ತೆ ಓದಿ ನೋಡಿದೆ. ಅವಳ ಆರೋಗ್ಯಕ್ಕೆ ನಾಲ್ಕು ಸಾಲು, ಅಕ್ಕನ ಮನೆತನಕ್ಕೆ ಆರು, ನನ್ನ ಅಲ್ಪತನಕ್ಕೆ ಉಳಿದದ್ದೆಲ್ಲ. ಬಾ ಅಂತ ಎಲ್ಲಿಯೂ ಇರಲಿಲ್ಲ.

ಹೊಸ ಹಾಳೆ ತೆಗೆದೆ. 'ತೂಬಾ, ಮನೆಗೆ ಬಾ. ನನಗೆ ಒಬ್ಬನೇ ಕೂತು ಉಣ್ಣಲು ಆಗುತ್ತಿಲ್ಲ.' ಅಷ್ಟು ಬರೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಬರಿಮೈಯಲ್ಲಿ ಬೀದಿಗೆ ಬಂದಂಥ ನಾಚಿಕೆ. ಯಾರೂ ನೋಡುವ ಮೊದಲೇ ಮಡಚಿ, ಅಂಚೆಗೆ ಹಾಕಿದೆ.

ಕಾಯೆನ್ ಬಸ್ಸು ನಾಲ್ಕಕ್ಕೆ ಬರುತ್ತದೆ. ಒಂದು ವಾರದಿಂದ ಮೂರೂವರೆಗೇ ಮೇಜು ಮಡಚಿಟ್ಟು ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೇನೆ. ಇಳಿಯುವವರೆಲ್ಲ ಇಳಿದ ಮೇಲೂ, ಡ್ರೈವರ್ ಬಾಗಿಲು ಹಾಕುವವರೆಗೆ ಅಲ್ಲೇ ನಿಂತಿರುತ್ತೇನೆ.