ನಾಲ್ಕು ಬೆರಳು ಹೆಚ್ಚು

ಶ್ರೀವಿದ್ಯಾ ಹಿಮದಲ್ಲಿ ಜಾರಲು ಕಾಲಿಗೆ ಕಟ್ಟುವ ಸ್ಕೀಯ ಒಂದು ತುದಿಯನ್ನು ಅಂಗಡಿಯ ನೆಲಕ್ಕೆ ಊರಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಹಿಡಿದು, ಬಲ ಅಂಗೈಯಿಂದ ಅದರ ನಡುವನ್ನು ಬಲವಾಗಿ ಒತ್ತಿದಳು. ಸ್ಕೀ ಬಿಲ್ಲಿನಂತೆ ಬಾಗಿತು. ಕೈ ಸಡಿಲಿಸಿದ್ದೇ ತಡ, ಛಟ್ಟನೆ ನೆಟ್ಟಗಾಯಿತು. ಅಮೆರಿಕದ ಎವರೆಟ್ಟಿನ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳು ಎಷ್ಟು ಬಾಗಿದರೆ ಮುರಿಯುತ್ತವೆ ಎಂದು ಲೆಕ್ಕ ಹಾಕುವುದೇ ಅವಳ ಕೆಲಸ. ಬಾಗುವ ವಸ್ತು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆಯ ದೋಸೆ ಸಟ್ಟುಗವನ್ನೂ ಬಗ್ಗಿಸಿ ನೋಡಿದ್ದಳಂತೆ.

"ಇದು ಚೆನ್ನಾಗಿದೆ ಅಲ್ವಾ?" ಎಂದಳು.

"ಹಿಂದಿನ ಜೋಡಿಗೂ ಅದನ್ನೇ ಹೇಳ್ದೆ. ಅದರ ಹಿಂದಿನದಕ್ಕೂ," ಎಂದ ಗಂಡ ಸುರೇಶ್, ಬೂಟು ಹಾಕಿಕೊಳ್ಳುವವರಿಗೆಂದು ಇಟ್ಟಿದ್ದ ಬೆಂಚಿನ ಮೇಲೆ ಒರಗಿ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಮಾತನ್ನು ಅವನನ್ನು ನೋಡಿಯೇ ಮಾಡಿರಬೇಕು.

ಶನಿವಾರ ಮಗಳು ಪಾವನಾಗೆ ಹದಿನೇಳು ತುಂಬುತ್ತದೆ. ಇಷ್ಟು ವರ್ಷ ಬಾಡಿಗೆಯ ಸ್ಕೀಗಳಲ್ಲೇ ಹಾರಾಡಿದ ಹುಡುಗಿಗೆ ಸ್ವಂತದ್ದೊಂದು ಜೋಡಿ ಕೊಡಬೇಕು, ಅದೂ ಅವಳಿಗೆ ಗೊತ್ತಾಗದ ಹಾಗೆ. ಚಳಿಗಾಲ ಬಂತೆಂದರೆ ಪಾವನಾ ಸ್ಟೀವನ್ಸ್ ಪಾಸಿನ ಹಿಮಬೆಟ್ಟದಲ್ಲಿ, ಅಲ್ಲಿಯ ಪಾರ್ಕಿನಲ್ಲಿ. ಪಾರ್ಕ್ ಎಂದರೆ ಮರ, ಉಯ್ಯಾಲೆ ಇರುವಂಥದ್ದಲ್ಲ. ಬೆಟ್ಟದ ಒಂದು ಮಗ್ಗುಲಿಗೆ ಹಗ್ಗ ಕಟ್ಟಿ, ಒಳಗೆ ಹಿಮದ ದಿಬ್ಬಗಳನ್ನು ಎಬ್ಬಿಸಿ, ನಡುನಡುವೆ ಕಬ್ಬಿಣದ ಕಂಬಿಗಳನ್ನು ನೆಟ್ಟಿರುತ್ತಾರೆ. ಮಕ್ಕಳು ಕಂಬಿಯ ಮೇಲೆ ಜಾರುತ್ತಾರೆ, ದಿಬ್ಬದಿಂದ ಹಾರುತ್ತಾರೆ, ಗಾಳಿಯಲ್ಲೇ ಸುತ್ತಿ ಬೆನ್ನು ಮುಂದಾಗಿ ಇಳಿಯುತ್ತಾರೆ.

ಮಗಳ ಜೊತೆಗೇ ಸ್ಕೀ ಕಲಿತ ಶ್ರೀವಿದ್ಯಾ ಸಾಮಾನ್ಯ ಇಳಿಜಾರುಗಳನ್ನು ಚೊಕ್ಕವಾಗಿ ಇಳಿಯುತ್ತಾಳೆ. ಪಾರ್ಕು ಬಂದಾಗ ಮಾತ್ರ ಹಗ್ಗದಾಚೆಯೇ ನಿಲ್ಲುತ್ತಾಳೆ, ಮಗಳ ನೀರಿನ ಬಾಟಲಿ, ಫೋನು, ಮಫ್ಲರು ಹಿಡಿದುಕೊಂಡು. ಪಾವನಾ ದಿಬ್ಬ ಬಿಟ್ಟು ಮೇಲೆ ಎದ್ದಾಗಲೆಲ್ಲ ಹಗ್ಗದಾಚೆ ಇವಳ ಮೊಣಕಾಲುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಅವಳಿಗೂ ಆಸೆ. ಬರೀ ಆಸೆಯಲ್ಲ, ಚೂರು ಹೊಟ್ಟೆಕಿಚ್ಚೂ ಬೆರೆತದ್ದು. ನಲವತ್ತಾರರ ಹೆಂಗಸು ಅದನ್ನು ಯಾರ ಮುಂದೆ ಹೇಳಿಕೊಳ್ಳಬೇಕು? ಒಮ್ಮೆ ಸುರೇಶನ ಹತ್ತಿರ ಬಾಯಿಬಿಟ್ಟಿದ್ದಳು. "ಈ ವಯಸ್ಸಲ್ಲಿ ಮೂಳೆ ಮುರುದ್ರೆ ಕೂಡೋದು ಕಷ್ಟ ಕಣೇ," ಎಂದು ಅವನು ಚಹಾ ಹೀರಿದ್ದ. ಮುಂದಿನ ಚಳಿಗಾಲಕ್ಕೆ ಪಾವನಾ ಎಲ್ಲೋ ದೂರದ ಕಾಲೇಜಿನಲ್ಲಿರುತ್ತಾಳೆ. ಹಗ್ಗದೊಳಗೆ ಕಾಲಿಡುವುದಿದ್ದರೆ ಇದೇ ಚಳಿಗಾಲ, ಇಲ್ಲದಿದ್ದರೆ ಇಲ್ಲ. ಅದು ಶ್ರೀವಿದ್ಯಾಗೆ ಚೆನ್ನಾಗಿ ಗೊತ್ತಿತ್ತು.

ಅಂಗಡಿಯ ನರೆಗಡ್ಡದವನು ಅವಳ ಉತ್ಸಾಹ ನೋಡಿ ತಾನೂ ಉಮೇದಿಗೆ ಬಿದ್ದ. ಇಲ್ಲಿನ ಹಿಮ ಕಲಸಿದ ಸಿಮೆಂಟಿನ ಹಾಗೆ, ಒದ್ದೆ, ಭಾರ, ಎಂದು ವಿವರಿಸಿದ. ಕಿರಿದಾದ ಸ್ಕೀ ಕಂಬಿಗೆ ಸರಿ, ಹಿಮದಲ್ಲಿ ಹೂತುಹೋಗುತ್ತದೆ. ಅಗಲವಾದದ್ದು ಹಿಮದ ಮೇಲೆ ತೇಲುತ್ತದೆ, ಗಾಳಿಯಲ್ಲಿ ತಿರುಗಿಸಹೋದರೆ ಹೊರೆ. ಎರಡಕ್ಕೂ ಒಗ್ಗುವ ಮಧ್ಯಮ ಅಗಲದ್ದು ತೆಗೆದುಕೊಳ್ಳಿ ಎಂದು ಮಾವಿನ ಹಣ್ಣಿನ ಬಣ್ಣದ ಒಂದು ಜೋಡಿಯನ್ನು ಇಳಿಸಿದ. ಎರಡು ಕೊನೆಗಳೂ ಮೇಲಕ್ಕೆ ಬಾಗಿದ್ದವು, ಹಿಮ್ಮುಖವಾಗಿ ಇಳಿದರೂ ಹಿಮಕ್ಕೆ ಸಿಕ್ಕಿಕೊಳ್ಳದಂತೆ. ಶ್ರೀವಿದ್ಯಾ ಒತ್ತಿ ನೋಡಿದಳು.

"ಸುರೇಶ್, ಬನ್ರೀ ಇಲ್ಲಿ. ತುದಿ ಮೆತ್ತಗೆ, ನಡು ಗಟ್ಟಿ. ಸೊಸೆ ಹೀಗಿರ್ಬೇಕು ಅಂತಿದ್ರಲ್ಲ ನಿಮ್ಮಮ್ಮ."

"ನಡು ಒಂದು ಸಿಕ್ತು ಅವರಿಗೆ," ಎಂದ ಸುರೇಶ್.

ನಿಮ್ಮ ಮಗಳು ಹೇಗೆ ಇಳಿಯುತ್ತಾಳೆ ಎಂದು ಗಡ್ಡದವನು ಕೇಳಿದ. ಪಾರ್ಕಿನಲ್ಲೇ ಇರುವವರಿಗೆ ಬೂಟನ್ನು ಹಿಡಿದಿಡುವ ಕಟ್ಟನ್ನು ಸ್ಕೀಯ ಸರಿಮಧ್ಯಕ್ಕೆ ಕೂರಿಸುತ್ತೇವೆ, ಬೆಟ್ಟವೆಲ್ಲ ಸುತ್ತುವವರಿಗೆ ಸ್ವಲ್ಪ ಹಿಂದಕ್ಕೆ, ಎಂದ. ಶ್ರೀವಿದ್ಯಾ ಯೋಚಿಸಲೂ ಇಲ್ಲ. ಎಲ್ಲ ಕಡೆಯೂ ಇಳಿಯುತ್ತಾಳೆ, ವೇಗ ಇಷ್ಟ, ಹಾರಬೇಕೆಂದು ತುಂಬ ಆಸೆ, ಹಾರುವ ಮುಂಚೆ ಮಾತ್ರ ಕೊಂಚ ಭಯ, ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು.

"ಪಾವನಾಗೆ ಭಯಾನಾ? ಯಾವಾಗಿಂದ?" ಸುರೇಶ್ ಬೆಂಚಿನಿಂದ ತಲೆ ಎತ್ತಿದ.

"ಎಲ್ರಿಗೂ ಇರತ್ತೆ. ನಾನೇನು ನನ್ನ ಬಗ್ಗೆ ಹೇಳಿದ್ನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅವಳ ಕಿವಿ ಬಿಸಿಯಾಯಿತು.

ಇನ್ನು ಉದ್ದ. ಪಾವನಾ ಅಪ್ಪನ ಕಡೆಯವರಂತೆ ಗಿಡ್ಡ, ಶ್ರೀವಿದ್ಯಾ ಎತ್ತರದ ಹೆಂಗಸು. ಪಾದ ಮಾತ್ರ ಇಬ್ಬರದೂ ಒಂದೇ ಅಳತೆ, ಅದಕ್ಕೇ ಮನೆಯಲ್ಲಿ ಚಪ್ಪಲಿಗೆ ಜಗಳ. ಆದರೆ ಮೈಸೂರಿನಲ್ಲಿ ಬೆಳೆದ ಶ್ರೀವಿದ್ಯಾಗೆ ಹುಡುಗಿಯಾಗಿದ್ದಾಗ ಮೈಗೆ ಸರಿಯಾದದ್ದನ್ನು ಯಾರೂ ಕೊಡಿಸಿದ್ದಿಲ್ಲ. ಲಂಗಕ್ಕೆ ಎರಡು ಮಡಿಕೆ ಹೆಚ್ಚು ಅಂಚು, ಬೂಟಿನ ಮುಂದಕ್ಕೆ ಹತ್ತಿ. ಬೆಳೆಯುವ ಮಕ್ಕಳಿಗೆ ಒಂದು ಸೈಜು ದೊಡ್ಡದೇ ತರಬೇಕು ಎಂಬುದು ಅವಳ ರಕ್ತದಲ್ಲಿತ್ತು. ಮಾವಿನ ಬಣ್ಣದ ಸ್ಕೀಯನ್ನು ತನ್ನ ಪಕ್ಕಕ್ಕೇ ನಿಲ್ಲಿಸಿಕೊಂಡಳು. ಅವಳ ಹುಬ್ಬಿಗೆ ಬಂತು.

"ಇರ್ಲಿ ಬಿಡಿ, ಬೆಳೀತಾಳೆ," ಎಂದಳು. ಕಾರಿನಿಂದ ಮಗಳ ಬೂಟು ತಂದುಕೊಟ್ಟಳು. ಗಡ್ಡದವನು ಸ್ಕೀಗೆ ತೂತು ಕೊರೆದು ಕಟ್ಟುಗಳನ್ನು ಬಿಗಿದ.

ಶನಿವಾರ ಬೆಳಿಗ್ಗೆ ಮಿಲ್ ಕ್ರೀಕಿನಲ್ಲಿರುವ ಅವರ ಮನೆಯ ಗ್ಯಾರೇಜಿನ ಮುಂದೆ ಹೊಸ ಸ್ಕೀಗಳು ಕುಂಕುಮ ಹಚ್ಚಿಸಿಕೊಂಡು ಮಲಗಿದ್ದವು. ಕಾರಿಗೆ ಮಾಡಿದ್ದನ್ನು ಸ್ಕೀಗೂ ಮಾಡದೆ ಬಿಟ್ಟರೆ ಹೇಗೆ? ಸುರೇಶ್ ಎರಡು ನಿಂಬೆಹಣ್ಣು ಹಿಡಿದು ಪೇಚಿಗೆ ಸಿಕ್ಕಿದ್ದ.

"ಚಕ್ರಾನೇ ಇಲ್ವಲ್ಲೇ. ಎಲ್ಲಿ ಇಡೋದು?"

"ಬೂಟು ನಿಲ್ಲೋ ಜಾಗದ ಕೆಳಗೆ ಇಡಿ. ಅವಳು ಹತ್ತಿ ತುಳೀಲಿ."

ಪಾವನಾ ಕಣ್ಣು ಮುಚ್ಚಿಕೊಂಡೇ ಹೊರಗೆ ಬಂದು, ತೆರೆದವಳು ಅಮ್ಮನ ಕೊರಳಿಗೆ ಜೋತುಬಿದ್ದಳು. "ನೋ ವೇ, ಅಮ್ಮಾ. ದೀಸ್ ಆರ್ ಪರ್ಫೆಕ್ಟ್." ಒಂದು ಸ್ಕೀಯನ್ನೆತ್ತಿ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಅವಳ ನಗು ಅಲ್ಲೇ ನಿಂತಿತು. ಸ್ಕೀ ಅವಳ ತಲೆಯಿಂದ ನಾಲ್ಕು ಬೆರಳು ಮೇಲಕ್ಕೆ ಹೋಗಿತ್ತು.

"ಸ್ವಲ್ಪ ದೊಡ್ಡದು ಪುಟ್ಟಾ. ಬೆಳೀತೀಯಲ್ಲ," ಎಂದಳು ಶ್ರೀವಿದ್ಯಾ.

"ಅಮ್ಮಾ, ಐ ಸ್ಟಾಪ್ಡ್ ಗ್ರೋಯಿಂಗ್ ಟೂ ಇಯರ್ಸ್ ಅಗೋ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಇಷ್ಟುದ್ದದ್ದನ್ನು ಗಾಳಿಯಲ್ಲಿ ಸುತ್ತಿಸಲು ಅವಳಿಂದಾಗದು. ಹಿಂದಿರುಗಿಸೋಣವೆಂದರೆ ತೂತು ಕೊರೆದಾಗಿದೆ.

ಪಾವನಾ ಸ್ಕೀಯನ್ನೂ ಅಮ್ಮನನ್ನೂ ನೋಡಿದಳು. ಸ್ಕೀಯನ್ನು ಅಮ್ಮನ ಪಕ್ಕಕ್ಕೆ ನಿಲ್ಲಿಸಿದಳು. ಹುಬ್ಬಿಗೆ ಸರಿಯಾಗಿ ನಿಂತಿತು.

"ಹಾರೋಕೆ ಭಯಪಡೋ ಹುಡುಗಿ ಯಾರು ಅಂತ ಈಗ ಗೊತ್ತಾಯ್ತು," ಎಂದ ಸುರೇಶ್.

"ಇಲ್ಲ ಪುಟ್ಟಾ, ನಿಜವಾಗ್ಲೂ ನಿಂಗೇ ಅಂತ ತಂದೆ," ಎಂದಳು ಶ್ರೀವಿದ್ಯಾ. ಮಗಳ ಹುಟ್ಟುಹಬ್ಬಕ್ಕೆ ತನಗೆ ಕೊಂಡುಕೊಂಡ ತಾಯಿ ಎಂದರೆ ಕೇಳಿದವರು ಏನಂದಾರು?

ಪಾವನಾ ನಕ್ಕಳು. ಆಮೇಲೆ ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು. "ನಂಗೆ ಬಾಡಿಗೇದು ಸಾಕು. ನೀನು ಒಳಗೆ ಬಾ. ಹಗ್ಗದ ಒಳಗೆ. ಅದೇ ನನ್ನ ಗಿಫ್ಟ್."

ಶ್ರೀವಿದ್ಯಾ ಸುರೇಶನತ್ತ ನೋಡಿದಳು. ಅವನು ಬಗ್ಗಿ ನಿಂಬೆಹಣ್ಣುಗಳನ್ನು ಸರಿಯಾಗಿ ಇಟ್ಟ. "ಏನ್ ನೋಡ್ತೀಯಾ? ಹತ್ತು. ಮೂಳೆ ಮುರುದ್ರೆ ಸಾರು ನಾನೇ ಮಾಡ್ತೀನಿ."

ಅವಳು ಹತ್ತಿ ತುಳಿದಳು. ಎರಡೂ ಹಣ್ಣು ಒಟ್ಟಿಗೇ ಒಡೆದವು.

ಮಧ್ಯಾಹ್ನದ ಹೊತ್ತಿಗೆ ಅವಳು ಪಾರ್ಕಿನ ಅತಿ ಚಿಕ್ಕ ದಿಬ್ಬದ ಮೇಲುಗಡೆ ನಿಂತಿದ್ದಳು. ಬೆಟ್ಟದ ಮೇಲಿನ ರಿಪೇರಿ ಅಂಗಡಿಯಲ್ಲಿ ಕಟ್ಟುಗಳನ್ನು ಅವಳ ಬೂಟಿಗೂ ತೂಕಕ್ಕೂ ತಕ್ಕಂತೆ ಬಿಗಿಸಿಯಾಗಿತ್ತು. ಪಾವನಾ ಹಾರಿ ತೋರಿಸಿ ಕೆಳಗಿಳಿದು ಹಗ್ಗದಾಚೆ ಹೋಗಿದ್ದಳು. ಮೊದಲ ಸಲ ಶ್ರೀವಿದ್ಯಾ ದಿಬ್ಬದ ಬುಡದವರೆಗೆ ಬಂದು ಪಕ್ಕಕ್ಕೆ ತಿರುಗಿಸಿಕೊಂಡಳು. ಹಿಂದೆ ಕಾಯುತ್ತಿದ್ದವರಲ್ಲಿ ಯಾರೂ ನಗಲಿಲ್ಲ. ಅವಳಿಗೆ ಮಾತ್ರ ತನ್ನ ಮೇಲೇ ರೇಗಿತು. ಸ್ಕೀ ಬಿಚ್ಚಿ ಹೆಗಲಿಗೇರಿಸಿಕೊಂಡು ಏದುಸಿರು ಬಿಡುತ್ತ ಮತ್ತೆ ಮೇಲೆ ಹತ್ತಿದಳು.

ಎರಡನೆಯ ಸಲ ತಿರುಗಿಸಲಿಲ್ಲ. ಸ್ಕೀಗಳ ಕೆಳಗೆ ಹಿಮದ ಕರಕರ ಸದ್ದು ಏರಿತು, ದಿಬ್ಬ ಎದ್ದು ಬಂತು, ಕಾಲಡಿಯಲ್ಲಿ ಏನೋ ಬಾಗಿ ಛಟ್ಟನೆ ನೆಟ್ಟಗಾಯಿತು. ಆಮೇಲೆ ಸದ್ದೇ ಇರಲಿಲ್ಲ. ಇಷ್ಟು ವರ್ಷ ರೆಕ್ಕೆಗಳ ಲೆಕ್ಕ ಹಾಕಿದವಳಿಗೆ ಒಂದು ಕ್ಷಣ ಯಾವ ಲೆಕ್ಕವೂ ನೆನಪಾಗಲಿಲ್ಲ, ಬರೀ ಸಂತೋಷವಾಯಿತು. ಇಳಿದದ್ದು ಸೊಟ್ಟಗೇ. ಕೈ ಬೀಸಿ, ಓಲಾಡಿ, ಹೇಗೋ ಬೀಳದೆ ಜಾರುತ್ತ ಹೋಗಿ ಹಗ್ಗದ ಬಳಿ ನಿಂತಳು. ಗಟ್ಟಿಯಾಗಿ ನಗುತ್ತಿದ್ದಳು, ಕಣ್ಣಲ್ಲಿ ನೀರು.

"ವಿಡಿಯೊ ತೆಗೆದ್ಯಾ?"

ಪಾವನಾ ಅಮ್ಮನನ್ನೇ ನೋಡುತ್ತಿದ್ದಳು. ಅಮ್ಮನ ಮಫ್ಲರು ಅವಳ ಕೊರಳಲ್ಲಿತ್ತು, ನೀರಿನ ಬಾಟಲಿ ಕಂಕುಳಲ್ಲಿ, ಫೋನು ಕೈಯಲ್ಲಿ ತಲೆಕೆಳಗಾಗಿ. ಹಗ್ಗದಾಚೆ ಅವಳ ಮೊಣಕಾಲುಗಳು ಇನ್ನೂ ಮಡಚಿಕೊಂಡೇ ಇದ್ದವು.