ಬಾಗಿಲ ಸಂದಿಯ ಹಾಡು

ನೀರಿನ ಕ್ಯಾನು ಹೊತ್ತು ಒಳಗೆ ಕಾಲಿಡುತ್ತಿದ್ದ ಮೆಝಿಯಾನನನ್ನು ಚಿಕ್ಕಮ್ಮ ಉಯಿಝಾ ಹೊಸ್ತಿಲಲ್ಲೇ ತಡೆದಳು.

"ಅಲ್ಲೇ ಇಡು. ನಿಮ್ಮಮ್ಮನಿಗೆ ಸ್ನಾನ ಮಾಡಿಸ್ತಿದೀವಿ. ಈ ಸಲನಾದ್ರೂ ಬಾಗಿಲ ಹತ್ರ ನಿಲ್ಲಬೇಡ."

ಅಂಗಳದ ಗಂಡಸರೆಲ್ಲ ಕೇಳಿಸಿಕೊಂಡೆವು. ಕೇಳಿಸದವರಂತೆ ಕಾಫಿ ಕುಡಿದೆವು. ಅವನ ಕಿವಿ ಕೆಂಪಾಯಿತು.

ತೀರಿಕೊಂಡ ಅವನಮ್ಮ ತಸಾದಿತ್ ಅಂಥ ದೊಡ್ಡ ಹೆಂಗಸೇನಲ್ಲ. ಆಲಿವ್ ಆರಿಸಿದಳು, ಆಡುಗಳಿಗೆ ಬೈದಳು, ಮೂವರನ್ನು ಹೆತ್ತು ಇವನೊಬ್ಬನನ್ನು ಉಳಿಸಿಕೊಂಡಳು. ಆದರೆ ಕಬೀಲಿಯಾ ಬೆಟ್ಟದ ನಮ್ಮೂರಿನಲ್ಲಿ ಯಾರು ಸತ್ತರೂ ಹೆಂಗಸರು ಅವಳಿಗೇ ಹೇಳಿ ಕಳಿಸುತ್ತಿದ್ದರು. ಬಾಗಿಲು ಮುಚ್ಚಿ, ಸತ್ತವರ ತಲೆಯ ಬಳಿ ಕೂತು, ಅವರನ್ನು ಕಳಿಸಿಕೊಡುವ ಹಾಡು ಹೇಳುತ್ತಿದ್ದಳು. ಅದು ಗಂಡಸರ ಕಿವಿಗಲ್ಲ.

*

ಆರು ವರ್ಷದ ಹಿಂದೆ ಅಪ್ಪ ಸತ್ತ ದಿನ ಮೆಝಿಯಾನ್ ಆ ಬಾಗಿಲ ಸಂದಿಗೆ ಫೋನು ಹಿಡಿದು ಅಮ್ಮನ ಹಾಡು ರೆಕಾರ್ಡ್ ಮಾಡಿಕೊಂಡಿದ್ದ. ಅದಕ್ಕೆ ಗಿಟಾರು, ಡ್ರಮ್ಮು ಸೇರಿಸಿ, ಸಾವು ಮತ್ತು ಮನೆಯವರ ಬಗ್ಗೆ ಒಂದು ಜನಪದ ರಾಕ್ ಆಲ್ಬಂ ಮಾಡಿದ. ಅಲ್ಜಿಯರ್ಸ್‌ನಿಂದ ಪ್ಯಾರಿಸ್‌ವರೆಗೆ ಚಪ್ಪಾಳೆಯೋ ಚಪ್ಪಾಳೆ. ನಮ್ಮ ಕಾಫಿ ಅಂಗಡಿಯಲ್ಲೂ ಅದನ್ನು ಹಾಕಿದರು. ಡೊಮಿನೊ ಆಡುತ್ತಿದ್ದ ನಾವೂ ಅವಳ ಅಳುವಿಗೆ ತಾಳ ಹಾಕಿದೆವು, ಸುಳ್ಳು ಹೇಳಬಾರದು.

"ಅದು ನಿಮ್ಮಪ್ಪನಿಗೆ ಹೇಳಿದ್ದು ಕಣೋ," ಅಂದಳು ತಸಾದಿತ್. "ಅವನೊಬ್ಬನಿಗೆ."

"ಎಷ್ಟು ಜನ ಕೇಳ್ತಿದಾರೆ ಗೊತ್ತಾಮ್ಮ!"

ಆಮೇಲೆ ಯಾರ ಮನೆಯಿಂದ ಕರೆ ಬಂದರೂ ಅವಳು ಹೋಗಲಿಲ್ಲ.

*

ಬಾಗಿಲು ತೆರೆಯಿತು. ಉಯಿಝಾಳ ದನಿ ತಗ್ಗಿತ್ತು.

"ಕಳಿಸಿಕೊಡೋ ಹಾಡು ಎರಡು ಸಾಲು ಹೇಳಿದ್ವಿ. ಮುಂದೆ ಯಾರಿಗೂ ಬರಲ್ಲ. ಅಕ್ಕ ಇದ್ದಾಳಲ್ಲ ಅಂತ ಯಾರೂ ಕಲೀಲೇ ಇಲ್ಲ. ನೀನು ಮಾಡಿದ್ಯಲ್ಲ ಆಲ್ಬಂ, ಅದನ್ನ ಹಾಕಿ ಫೋನು ಕೊಡು."

ಅವನು ಕೊಟ್ಟು ದೂರ ಸರಿದು ನಿಂತ. ಒಳಗೆ ಗಿಟಾರು ಮಿಡಿಯಿತು, ಹಿಂದೆಯೇ ಡ್ರಮ್ಮು. ಮತ್ತೆ ಬಾಗಿಲು ತೆರೆಯಿತು.

"ಆ ಡೋಲು ತೆಗಿಯೋ. ಅವಳ ಮಾತೇ ಕೇಳಿಸ್ತಿಲ್ಲ."

"ತೆಗೆಯೋಕಾಗಲ್ಲ ಚಿಕ್ಕಮ್ಮ. ಬರೀ ದನಿ ಇದ್ದಿದ್ದು ಹಳೇ ಫೋನಲ್ಲಿ. ಅದು ಹೋಯ್ತು."

"ಹಾಳಾಗ್ಲಿ. ಮಾತು ನೀನೇ ಹೇಳು, ನಾವು ಹಾಡ್ತೀವಿ. ಆರು ವರ್ಷದಿಂದ ಇದನ್ನೇ ನುಡಿಸ್ತಿದೀಯಲ್ಲ."

ಮೆಝಿಯಾನ್ ಬಾಯಿ ತೆರೆದ. ಡ್ರಮ್ಮು ಎಲ್ಲಿ ನಿಲ್ಲುತ್ತದೆ, ಚಪ್ಪಾಳೆ ಎಲ್ಲಿ ಬೀಳುತ್ತದೆ, ಅವನಿಗೆ ಗೊತ್ತಿತ್ತು. ಅಮ್ಮ ಹೇಳಿದ ಮಾತಿಗೆ ಅವನು ಒಮ್ಮೆಯೂ ಕಿವಿಗೊಟ್ಟಿರಲಿಲ್ಲ. ಅಪ್ಪನ ಹೆಸರೊಂದು ಬಿಟ್ಟರೆ ಬೇರೇನೂ ನೆನಪಿಗೆ ಬರಲಿಲ್ಲ.

ಉಯಿಝಾ ಕಾದೇ ಇದ್ದಳು. ಅವಳ ಹಿಂದೆ, ಬಿಳಿಬಟ್ಟೆ ಸುತ್ತಿದ ತಸಾದಿತಳ ಪಕ್ಕದಲ್ಲಿ, ಮುದುಕಿಯೊಬ್ಬಳು ಇನ್ನೂ ಡ್ರಮ್ಮು ಬಡಿಯುತ್ತಿದ್ದ ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಎಲ್ಲರಿಗೂ ಸುಮ್ಮನಿರಿ ಎನ್ನುತ್ತಿದ್ದಳು.