ಇಳಿಸಬಾರದ ಬಿ.ಪಿ.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಬಾಯ್ಲರ್ ನೋಡಿಕೊಂಡಿದ್ದವನು ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾರದೆ ಹೋದ. ಬಾಯಿ ಸೊಟ್ಟಗಾಗಿತ್ತು, ಬಲಗೈ ಸೋತು ಬಿದ್ದಿತ್ತು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ ಎಂದರು ಆಸ್ಪತ್ರೆಯಲ್ಲಿ. ನಿದ್ದೆಯಲ್ಲಿ ಯಾವ ಹೊತ್ತಿಗೆ ಹೀಗಾಯಿತೋ ತಿಳಿಯದ್ದರಿಂದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಹಾಗಿರಲಿಲ್ಲ. ಪಕ್ಕದಲ್ಲೇ ಮಲಗಿದ್ದೂ ತನಗೆ ಗೊತ್ತಾಗಲಿಲ್ಲವಲ್ಲ ಎಂದು ಹೆಂಡತಿ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು.

ವಾರ್ಡಿನಲ್ಲಿ ಅವಳ ಕಣ್ಣೆಲ್ಲ ಮಾನಿಟರಿನ ಮೇಲೆ. ಬಿ.ಪಿ. ನೂರ ತೊಂಬತ್ತೆರಡು. ಮನೆಯಲ್ಲಿ ನೂರೈವತ್ತಾದರೆ ಡಾಕ್ಟರರಿಂದ ಬೈಸಿಕೊಳ್ಳುತ್ತಿದ್ದವರು ಇವರಿಬ್ಬರೂ. ಗಂಡ ಮರೆಗುಳಿಯೆಂದು ದಿನಾ ಮಾತ್ರೆಯನ್ನು ಅಂಗೈಗಿಟ್ಟು, ನುಂಗುವ ತನಕ ಕಾವಲು ನಿಲ್ಲುತ್ತಿದ್ದವಳು ಅವಳು. ಇಲ್ಲಿ ನೋಡಿದರೆ ಸಿಸ್ಟರ್ ಗಂಟೆಗೊಮ್ಮೆ ಬಂದು ಬಿ.ಪಿ., ಜ್ವರ, ಉಸಿರು, ಸಕ್ಕರೆ ಎಲ್ಲ ಬರೆದುಕೊಂಡು, ಏನೂ ಆಗಿಲ್ಲವೆಂಬಂತೆ ಹೊರಟುಬಿಡುತ್ತಿದ್ದಳು. ಗಂಡನ ಅಕ್ಕ ಫೋನಿನಲ್ಲಿ, ಕೈಕಟ್ಟಿ ಕೂರುವುದಕ್ಕೆ ಅಲ್ಲಿ ಇದ್ದೀಯಾ ಎಂದು ದಬಾಯಿಸಿದಳು.

ಮಧ್ಯಾಹ್ನ ಅವಳು ಚೀಲದಿಂದ ಅದೇ ಮಾತ್ರೆ ತೆಗೆದು, ಚಮಚದ ನೀರಿನಲ್ಲಿ ಪುಡಿಮಾಡಿ, ಗಂಡನ ತಲೆ ಎತ್ತಿಹಿಡಿದು ಬಾಯಿಗಿಟ್ಟಳು. ಒಂದು ಗುಟುಕು ಹೋಯಿತೋ ಇಲ್ಲವೋ, ಅವನಿಗೆ ಕೆಮ್ಮು ಒತ್ತಿಕೊಂಡು ಬಂತು. ಓಡಿಬಂದ ಸಿಸ್ಟರ್ ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿ ಒರೆಸಿ, ಉಸಿರು ಹದಕ್ಕೆ ಬಂದ ಮೇಲೆ ಇವಳ ಕಡೆ ತಿರುಗಿದಳು. ಬೈಯಲಿಲ್ಲ.

"ಬಿ.ಪಿ.ನ ನಾವು ಮರೆತು ಬಿಟ್ಟಿರೋದಲ್ಲಮ್ಮ, ಬೇಕಂತಲೇ ಬಿಟ್ಟಿದ್ದೀವಿ. ಮೆದುಳಲ್ಲಿ ಹೆಪ್ಪಿನ ಸುತ್ತ ಅರೆಜೀವ ಹಿಡ್ಕೊಂಡಿರೋ ಜಾಗ ಇರುತ್ತೆ. ಬಳಸುದಾರೀಲಿ ಅಲ್ಲಿಗೆ ರಕ್ತ ಮುಟ್ಟಬೇಕಂದ್ರೆ ಈ ಒತ್ತಡ ಬೇಕು. ಒಂದೇ ಸಲ ಇಳಿಸಿದ್ರೆ ಅದೂ ಹೋಗಿಬಿಡುತ್ತೆ. ತೀರಾ ಹೆಚ್ಚಾದ್ರೆ ನಾವೇ ಇಳಿಸ್ತೀವಿ. ನುಂಗಕ್ಕೆ ಆಗುತ್ತಾ ಅಂತ ನೋಡೋವರೆಗೂ ಒಂದು ಹನಿ ನೀರೂ ಬೇಡ."

ತಾನು ಹೀಗೆ ಮಾಡಿದೆ ಎಂದು ಹೆಂಡತಿ ವಾರ್ಡಿನ ಡಾಕ್ಟರಮ್ಮನಿಗೂ ತಾನೇ ಹೋಗಿ ಹೇಳಿದಳು. ಮಾರನೆಯ ದಿನ ಜ್ವರ ನೂರೊಂದಕ್ಕೆ ಏರಿತು, ಉಸಿರು ನಿಮಿಷಕ್ಕೆ ಮೂವತ್ತು. ನೀರು ಶ್ವಾಸಕೋಶಕ್ಕೆ ಇಳಿದಿದ್ದರಿಂದಲೋ ಏನೋ, ಖಚಿತವಾಗಿ ಹೇಳಲಾಗದು, ಇಂಥವರಿಗೆ ಹೇಗೂ ಜ್ವರ ಬರುವುದುಂಟು ಎಂದರು ಡಾಕ್ಟರಮ್ಮ. ತನ್ನ ಚಮಚದಿಂದಲೇ ಹೀಗಾಯಿತು ಎಂಬುದರಲ್ಲಿ ಅವಳಿಗೆ ಮಾತ್ರ ಅನುಮಾನವೇ ಇರಲಿಲ್ಲ. ಡ್ರಿಪ್ಪಿನಲ್ಲಿ ಔಷಧಿ ಶುರುವಾಯಿತು. ಅವನ ಹೊಟ್ಟೆಯ ಏರಿಳಿತ ನೋಡಿ ಉಸಿರೆಣಿಸುವುದನ್ನು ಸಿಸ್ಟರೇ ಅವಳಿಗೆ ಹೇಳಿಕೊಟ್ಟಳು. ಸುಮ್ಮನೆ ಕೂತರೆ ಈಕೆ ಹುಚ್ಚಿಯಾದಾಳು ಅನ್ನಿಸಿರಬೇಕು. ಮೂವತ್ತು, ಇಪ್ಪತ್ತಾರು, ಮತ್ತೆ ಇಪ್ಪತ್ತೆಂಟು. ನಾಲ್ಕನೆಯ ದಿನ ಹದಿನೆಂಟಕ್ಕೆ ಬಂತು. ಜ್ವರ ಬಿಟ್ಟಿತು. ಬಿ.ಪಿ. ತನ್ನಷ್ಟಕ್ಕೇ ನೂರೈವತ್ತರ ಆಸುಪಾಸಿಗೆ ಇಳಿದಿತ್ತು.

ಅವನು ಉಳಿದುಕೊಂಡ. ಬಲಗೈ ಪೂರ್ತಿ ಮರಳಲಿಲ್ಲ, ಮಾತು ತುಂಡುತುಂಡಾಗಿ ಬಂತು. ಚಮಚದ ವಿಷಯವನ್ನು ಅವಳು ಮೂರು ತಿಂಗಳು ಒಡಲಲ್ಲಿಟ್ಟುಕೊಂಡು, ಒಂದು ಸಂಜೆ ಅವನಿಗೆ ಶರ್ಟು ಹಾಕುವಾಗ ಹೇಳಿಬಿಟ್ಟಳು. ಅವನು ಬಹಳ ಹೊತ್ತು ಮಾತು ಹುಡುಕಿದ.

"ನಾನೂ... ಹಾಗೇ... ಮಾಡ್ತಿದ್ದೆ ಕಣೇ."

ಆಮೇಲೆ, ಗುಂಡಿ ಹಾಕುತ್ತಿದ್ದ ಅವಳ ಕೈಯನ್ನು ಎಡಗೈಯಿಂದ ಮೆಲ್ಲಗೆ ಸರಿಸಿ, ಉಳಿದ ಗುಂಡಿಗಳನ್ನು ತಾನೇ ಹಾಕಿಕೊಳ್ಳಲು ಹೊರಟ. ಹೊತ್ತು ಹಿಡಿಯಿತು. ಅವಳು ಕಾದಳು.